ಗೀಳು ಕಾಯಿಲೆಗೆ ಮಿದುಳಿನ ಶಸ್ತ್ರಚಿಕಿತ್ಸೆ: ಮನೋವೈದ್ಯರ ನಿಜವಾದ ಅಭಿಪ್ರಾಯವೇನು?

ಪ್ರಶ್ನೆ: ಮೂಡಿಗೆರೆಯ ಓದುಗರು

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಈಗ ಮೂವತ್ತಾರು ವರ್ಷ. ಹನ್ನೊಂದು ವರ್ಷಗಳಿಂದ ಅವನು ಗೀಳು ಕಾಯಿಲೆಯಿಂದ, ಅಂದರೆ ವೈದ್ಯರು ಓಸಿಡಿ ಎನ್ನುವ ಕಾಯಿಲೆಯಿಂದ ನರಳುತ್ತಿದ್ದಾನೆ. ಮಳೆಗಾಲಕ್ಕೆ ಮುಂಚೆ ಕಾಫಿ ಗಿಡಗಳಿಗೆ ಬೋರ್ಡೋ ದ್ರಾವಣ ಹೊಡೆಸುವಾಗ ಕೈಗೆ ಅಂಟಿದ ಮೈಲುತುತ್ತ ಎಷ್ಟು ತೊಳೆದರೂ ಹೋಗಿಲ್ಲ, ಅದು ಮಕ್ಕಳ ತಟ್ಟೆಗೆ ಸೇರಿಬಿಡುತ್ತದೆ ಎಂಬ ಒಂದೇ ಭಯದಿಂದ ಶುರುವಾದದ್ದು ಈಗ ದಿನಕ್ಕೆ ಐದಾರು ಗಂಟೆ ಬಚ್ಚಲುಮನೆಯಲ್ಲೇ ಕಳೆಯುವ ಮಟ್ಟಕ್ಕೆ ಬಂದಿದೆ. ಬೆರಳ ಸಂದುಗಳಲ್ಲಿ ಚರ್ಮ ಬಿರಿದು ರಕ್ತ ಬರುತ್ತದೆ. ಕೊಯ್ಲಿನ ದಿನಗಳಲ್ಲಿ ಹಣ್ಣು ತೂಗುವ ಕೆಲಸ ಅವನದಾಗಿತ್ತು. ಒಂದೇ ಚೀಲವನ್ನು ತಕ್ಕಡಿಯಿಂದ ಇಳಿಸಿ, ಮತ್ತೆ ಏರಿಸಿ, ಲೆಕ್ಕ ತಪ್ಪಿ ಆಳುಗಳ ಕೂಲಿ ಹೋಗಿಬಿಡಬಹುದೆಂದು ಹತ್ತಾರು ಸಲ ತೂಗುತ್ತಿದ್ದ. ಕತ್ತಲಾಗಿ ಮನೆಗೆ ಹೋಗಬೇಕಾದ ಹೆಂಗಸರು ಕಣದಲ್ಲಿ ನಿಂತೇ ಇರುತ್ತಿದ್ದರು. ಎರಡು ವರ್ಷಗಳಿಂದ ಆ ಕೆಲಸವನ್ನು ಭಾವನೇ ನೋಡಿಕೊಳ್ಳುತ್ತಿದ್ದಾರೆ.

ಹಲವು ಮಾತ್ರೆಗಳು ಆಗಿವೆ. ಒಂದೊಂದರಿಂದಲೂ ಒಂದೆರಡು ತಿಂಗಳು ಸ್ವಲ್ಪ ಗೆಲುವಾಗಿ, ಮತ್ತೆ ಮೊದಲಿನಂತೆಯೇ ಆಗುತ್ತಾನೆ. ಕಳೆದ ತಿಂಗಳು ನಮ್ಮ ಚಿಕ್ಕಪ್ಪ ಬೆಂಗಳೂರಿನಿಂದ ಬಂದವರು, ಈಗ ತಲೆಗೆ ತಂತಿ ಇಟ್ಟು ಈ ಕಾಯಿಲೆಯನ್ನು ಪೂರ್ತಿ ವಾಸಿ ಮಾಡುತ್ತಾರಂತೆ, ಸುಮ್ಮನೆ ಮಾತ್ರೆ ನುಂಗಿಸಿ ವರ್ಷ ಕಳೆಯುವುದೇಕೆ ಎಂದರು. ನಮ್ಮ ತಾಯಿ ಮಾತ್ರ ಮಿದುಳಿಗೆ ಕೈ ಹಾಕಿದರೆ ಮಗ ಮಗನಾಗಿ ಉಳಿಯುವುದಿಲ್ಲ ಎಂದು ಅಳುತ್ತಾರೆ. ಅಂತರ್ಜಾಲದಲ್ಲಿ ಓದಿದರೆ ಒಂದು ಕಡೆ ಇದು ಕ್ರೌರ್ಯವೆಂದೂ ಇನ್ನೊಂದು ಕಡೆ ಪವಾಡವೆಂದೂ ಬರೆದಿದ್ದಾರೆ. ಶಸ್ತ್ರಚಿಕಿತ್ಸೆ ಮಾಡುವವರು ಏನು ಹೇಳುತ್ತಾರೆಂಬುದು ಊಹಿಸಬಹುದಾದದ್ದು. ದಿನವೂ ಇಂಥ ರೋಗಿಗಳನ್ನು ನೋಡುವ ಮನೋವೈದ್ಯರು ಇದನ್ನು ಹೇಗೆ ಕಾಣುತ್ತಾರೆ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಿಕೊಡಿ.

ಉತ್ತರ 1: ಹಾಸನದ ನಿವೃತ್ತ ಮನೋವೈದ್ಯರು

ತಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಈ ವೃತ್ತಿಯಲ್ಲಿದ್ದವನಾಗಿ ಹೇಳುವುದಾದರೆ, ಮಿದುಳಿನ ಶಸ್ತ್ರಚಿಕಿತ್ಸೆಯ ಮಾತು ಬಂದ ಕೂಡಲೇ ನಮ್ಮ ಪೈಕಿ ಬಹಳ ಜನ ಹಿಂಜರಿಯುತ್ತಾರೆ. ಆ ಹಿಂಜರಿಕೆಗೆ ಕಾರಣ ಅಜ್ಞಾನವೆಂದು ತಾವು ತಿಳಿಯಬಾರದು. ನಮ್ಮ ವೃತ್ತಿಯ ನೆನಪಿನಲ್ಲಿ ಇನ್ನೂ ಆರದ ಒಂದು ಗಾಯವಿದೆ. ತಮ್ಮ ತಾಯಿಯವರ ಭಯದ ಮೂಲವೂ ಅದೇ ಆದ್ದರಿಂದ ಮೊದಲು ಅದನ್ನು ಹೇಳುತ್ತೇನೆ.

1935ರಲ್ಲಿ ಲಿಸ್ಬನ್ನಿನ ನರರೋಗ ತಜ್ಞ ಎಗಾಸ್ ಮೊನಿಜ್ ಅವರು, ಮಿದುಳಿನ ಮುಂಭಾಗವನ್ನು ಒಳಭಾಗಗಳಿಗೆ ಜೋಡಿಸುವ ನರತಂತುಗಳನ್ನು ಕಡಿದರೆ ಮನೋರೋಗ ಶಮನವಾಗಬಹುದೆಂದು ಯೋಚಿಸಿ, ಶಸ್ತ್ರವೈದ್ಯ ಅಲ್ಮೇಡ ಲಿಮಾ ಅವರ ಕೈಯಲ್ಲಿ ಆ ಕೆಲಸ ಮಾಡಿಸಿದರು. ಮೊದಲ ವರದಿಯಲ್ಲಿ ಇದ್ದವರು ಇಪ್ಪತ್ತು ರೋಗಿಗಳು ಮಾತ್ರ, ಅವರನ್ನು ಗಮನಿಸಿದ ಅವಧಿಯೂ ತೀರ ಕಡಿಮೆ. ಆದರೂ ಮರುವರ್ಷವೇ ಅಮೆರಿಕದಲ್ಲಿ ವಾಲ್ಟರ್ ಫ್ರೀಮನ್ ಮತ್ತು ಜೇಮ್ಸ್ ವಾಟ್ಸ್ ಇದನ್ನು ಲೋಬಾಟಮಿ ಎಂಬ ಹೆಸರಿನಲ್ಲಿ ಆರಂಭಿಸಿದರು. 1946ರಿಂದ ಫ್ರೀಮನ್ ಅವರು ಕಣ್ಣಿನ ಗೂಡಿನ ಮೇಲ್ಭಾಗದಿಂದ ಮಂಜುಗಡ್ಡೆ ಒಡೆಯುವ ಉಳಿಯಂಥ ಸಾಧನವನ್ನು ತೂರಿಸಿ, ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಸತೊಡಗಿದರು. ಅವರು ಶಸ್ತ್ರವೈದ್ಯರಾಗಿ ತರಬೇತಿ ಪಡೆದವರೇ ಆಗಿರಲಿಲ್ಲ. ಜೊತೆಗಿದ್ದ ವಾಟ್ಸ್ ಇದನ್ನು ಒಪ್ಪದೆ ದೂರವಾದರು. ಅಮೆರಿಕವೊಂದರಲ್ಲೇ ಸುಮಾರು 40,000 ಮಂದಿ ಲೋಬಾಟಮಿಗೆ ಒಳಗಾದರೆಂದು ಅಂದಾಜಿದೆ. ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಕೆನಡಿಯವರ ತಂಗಿ ರೋಸ್‌ಮೇರಿಯವರಿಗೆ 1941ರಲ್ಲಿ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಇದನ್ನು ಮಾಡಿದಾಗ, ಆಕೆ ನಡೆಯುವ, ಮಾತನಾಡುವ ಶಕ್ತಿಯನ್ನೇ ಬಹುಮಟ್ಟಿಗೆ ಕಳೆದುಕೊಂಡು ಉಳಿದ ಜೀವನವನ್ನು ಆರೈಕೆಯಲ್ಲೇ ಕಳೆಯಬೇಕಾಯಿತು. ಇಷ್ಟಾದ ಮೇಲೂ 1949ರಲ್ಲಿ ಮೊನಿಜ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಅದರ ಮರುವರ್ಷ ಸೋವಿಯತ್ ಒಕ್ಕೂಟ ಇದೇ ಶಸ್ತ್ರಕ್ರಿಯೆಯನ್ನು ನಿಷೇಧಿಸಿತು.

ನಮ್ಮ ನಾಡೂ ಇದರಿಂದ ಹೊರಗಿರಲಿಲ್ಲ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯಲ್ಲಿ ಡಾ. ಎಂ. ವಿ. ಗೋವಿಂದಸ್ವಾಮಿಯವರ ಕಾಲದಲ್ಲಿ ಇದು ನಡೆದು, 1944ರಲ್ಲಿ ಅದರ ವರದಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಕಾಲದವರನ್ನು ಕಟುಕರೆಂದು ನಾನು ಕರೆಯಲಾರೆ. ಕ್ಲೋರ್‌ಪ್ರೊಮಜಿನ್ ಎಂಬ ಮೊದಲ ಔಷಧಿ ಮನೋರೋಗಕ್ಕೆ ಬಳಕೆಯಾದದ್ದು 1952ರಲ್ಲಿ. ಅದಕ್ಕೆ ಮುಂಚೆ ಕಿಕ್ಕಿರಿದ ವಾರ್ಡುಗಳಲ್ಲಿ ವೈದ್ಯನ ಕೈಯಲ್ಲಿ ಇದ್ದದ್ದು ಬಹಳ ಕಡಿಮೆ.

ಆದರೆ ನಾನು ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ ಹೊರರಾಜ್ಯದ ಒಂದು ಆಸ್ಪತ್ರೆಯಲ್ಲಿ ಕಂಡ ಒಬ್ಬ ವೃದ್ಧರನ್ನು ಇಂದಿಗೂ ಮರೆತಿಲ್ಲ. ಅವರ ಹಣೆಯ ಎರಡೂ ಬದಿಗಳಲ್ಲಿ, ಕೂದಲಂಚಿನಲ್ಲಿ, ಹೆಬ್ಬೆರಳು ಕೂರುವಷ್ಟು ತಗ್ಗು ಇತ್ತು. ಕಂಬಳಿ ಮಡಿಸಿ ಎಂದರೆ ಅಚ್ಚುಕಟ್ಟಾಗಿ ಮಡಿಸುತ್ತಿದ್ದರು. ಸಾಕು ಎಂದು ಯಾರೂ ಹೇಳದಿದ್ದರೆ ಬಿಚ್ಚಿ ಮತ್ತೆ ಮಡಿಸುತ್ತಿದ್ದರು. ಅವರ ಕಡತದಲ್ಲಿ ಶಸ್ತ್ರಕ್ರಿಯೆಯ ಫಲಿತಾಂಶದ ಜಾಗದಲ್ಲಿ, ರೋಗಿ ಈಗ ಶಾಂತರಾಗಿದ್ದಾರೆ, ವಾರ್ಡಿಗೆ ತೊಂದರೆಯಿಲ್ಲ ಎಂದು ಬರೆದಿತ್ತು. ಯಾರ ತೊಂದರೆಯನ್ನು ಕಳೆಯಲು ಈ ಕೆಲಸ ನಡೆಯಿತು ಎಂಬ ಪ್ರಶ್ನೆ ಆ ಸಾಲನ್ನು ಓದಿದ ದಿನದಿಂದ ನನ್ನನ್ನು ಬಿಟ್ಟಿಲ್ಲ. ಇಂದಿನ ಶಸ್ತ್ರಚಿಕಿತ್ಸೆಯನ್ನು ತೂಗುವಾಗಲೂ ನಾನು ಮೊದಲು ಕೇಳುವುದು ಅದನ್ನೇ.

ಇನ್ನು ತಮ್ಮ ಚಿಕ್ಕಪ್ಪನವರು ಹೇಳಿದ ವಿಷಯ. ಇಂದು ಎರಡು ಬಗೆಯ ಕ್ರಮಗಳಿವೆ. ಮೊದಲನೆಯದರಲ್ಲಿ, ಮಿದುಳಿನ ಆಳದ ನಿರ್ದಿಷ್ಟ ಜಾಗದಲ್ಲಿ ಕೆಲವೇ ಮಿಲಿಮೀಟರಿನಷ್ಟು ನರತಂತುಗಳನ್ನು ಬಿಸಿಯಿಂದಲೋ, ತಲೆ ತೆರೆಯದೆ ಗಾಮಾ ಕಿರಣಗಳಿಂದಲೋ ಸುಡುತ್ತಾರೆ. ಕ್ಯಾಪ್ಸುಲಾಟಮಿ, ಸಿಂಗ್ಯುಲಾಟಮಿ ಎಂಬುವು ಈ ಜಾತಿಯವು. ಎರಡನೆಯದು ಡೀಪ್ ಬ್ರೈನ್ ಸ್ಟಿಮ್ಯುಲೇಷನ್, ಚಿಕ್ಕದಾಗಿ ಡಿಬಿಎಸ್. ಇದರಲ್ಲಿ ಯಾವುದನ್ನೂ ಕಡಿಯುವುದಿಲ್ಲ. ತೆಳುವಾದ ತಂತಿಗಳನ್ನು ಮಿದುಳಿಗೆ ಇಳಿಸಿ, ಕೊರಳೆಲುಬಿನ ಕೆಳಗೆ ಎದೆಯ ಚರ್ಮದಡಿ ಇರಿಸಿದ ಬ್ಯಾಟರಿಯಿಂದ ವಿದ್ಯುತ್ ಹರಿಸುತ್ತಾರೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಹೆಸರು ಮಾಡಿದ ಈ ಕ್ರಮವನ್ನು ಬೆಲ್ಜಿಯಂನ ಲೂವೆನ್‌ನ ವೈದ್ಯರು ಗೀಳು ಕಾಯಿಲೆಗೆ ಬಳಸಿ 1999ರಲ್ಲಿ ವರದಿ ಮಾಡಿದರು. 2009ರಲ್ಲಿ ಅಮೆರಿಕದ ಎಫ್‌ಡಿಎ ಸಂಸ್ಥೆ, ಬೇರೆ ದಾರಿಯೇ ಇಲ್ಲದ ಗೀಳು ರೋಗಿಗಳಿಗೆಂದು ಸೀಮಿತ ಅನುಮತಿ ನೀಡಿತು. ಹೀಗೆ ಆರಿಸಿದ ರೋಗಿಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಜನರಿಗೆ ಗಣನೀಯ ಪ್ರಯೋಜನವಾಗುತ್ತದೆ. ಗಣನೀಯ ಎಂದರೆ ಏನೆಂದು ಕೇಳಿಕೊಳ್ಳಬೇಕು. ಗೀಳಿನ ತೀವ್ರತೆಯನ್ನು ಅಳೆಯುವ ಯೇಲ್-ಬ್ರೌನ್ ಎಂಬ 40 ಅಂಕಗಳ ಅಳತೆಯಲ್ಲಿ ಶೇಕಡ 35ರಷ್ಟು ಇಳಿಕೆಯಾದರೆ ಅದನ್ನು ಯಶಸ್ಸೆಂದು ಎಣಿಸುತ್ತಾರೆ. ಐದು ಗಂಟೆ ತೊಳೆಯುತ್ತಿದ್ದವರು ಮೂರು ಗಂಟೆ ತೊಳೆಯುವಂತಾದರೆ ಅದು ಸಣ್ಣ ಮಾತಲ್ಲ, ಆದರೆ ಪೂರ್ತಿ ವಾಸಿ ಎಂಬ ಮಾತನ್ನು ಯಾವ ಜವಾಬ್ದಾರಿಯುತ ವೈದ್ಯನೂ ಆಡಲಾರ. ನೂರರಲ್ಲಿ ಒಂದೆರಡು ಜನರಿಗೆ ಮಿದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವಿದೆ, ಸೋಂಕು ಅದಕ್ಕಿಂತ ಹೆಚ್ಚು.

ಖಿನ್ನತೆಯ ವಿಷಯದಲ್ಲಿ ಮನೋವೈದ್ಯರು ಇನ್ನೂ ಎಚ್ಚರಿಕೆಯಿಂದಿದ್ದಾರೆ. 2005ರಲ್ಲಿ ಹೆಲೆನ್ ಮೇಬರ್ಗ್ ಮತ್ತು ಸಂಗಡಿಗರು ಟೊರಾಂಟೊದಲ್ಲಿ ಆರು ರೋಗಿಗಳಿಗೆ ಡಿಬಿಎಸ್ ಮಾಡಿ, ನಾಲ್ವರಲ್ಲಿ ಸುಧಾರಣೆ ಕಂಡಾಗ ಬಹಳ ಆಸೆ ಹುಟ್ಟಿತ್ತು. ಆದರೆ 90 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಯಂತ್ರ ಚಾಲೂ ಇದ್ದವರಿಗೂ ಇಲ್ಲದವರಿಗೂ ಆರು ತಿಂಗಳ ಕೊನೆಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತಂತಿ ಇಟ್ಟಿದ್ದಾರೆಂಬ ಭರವಸೆಯೇ ಒಂದಷ್ಟು ಜನರನ್ನು ಎತ್ತಿ ನಿಲ್ಲಿಸುತ್ತದೆ ಎಂಬುದನ್ನು ಮರೆಯಬಾರದು. ಸ್ಕಿಝೋಫ್ರೇನಿಯಾಕ್ಕೆ ಇಂದು ಇದನ್ನು ವಾಡಿಕೆಯ ಚಿಕಿತ್ಸೆಯಾಗಿ ಯಾರೂ ಸೂಚಿಸುವುದಿಲ್ಲ.

ಹಾಗಾದರೆ ನನ್ನ ಅಭಿಪ್ರಾಯ? ಗೀಳು ಕಾಯಿಲೆಯಲ್ಲಿ ಬಾಗಿಲು ಮುಚ್ಚಬಾರದು, ಆದರೆ ಆ ಬಾಗಿಲಿಗೆ ಹೋಗುವ ಮುನ್ನ ದಾಟಬೇಕಾದ ಮೆಟ್ಟಿಲುಗಳನ್ನು ನಿಜವಾಗಿ ದಾಟಿರಬೇಕು. ಸೆರ್ಟ್ರಲಿನ್ ಆದರೆ ದಿನಕ್ಕೆ 200 ಮಿಲಿಗ್ರಾಂವರೆಗೆ, ಫ್ಲೂಯೊಕ್ಸೆಟಿನ್ ಆದರೆ 60ರಿಂದ 80ರವರೆಗೆ, ಒಂದೊಂದನ್ನೂ ಸುಮಾರು ಹನ್ನೆರಡು ವಾರ. ಹೀಗೆ ಎರಡು ಮೂರು ಔಷಧಿಗಳು, ಅವುಗಳಲ್ಲಿ ಕ್ಲೊಮಿಪ್ರಮಿನ್ ಕೂಡ ಒಂದು. ಸಾಲದಿದ್ದರೆ ಜೊತೆಗೆ ಸ್ವಲ್ಪ ಪ್ರಮಾಣದಲ್ಲಿ ಮತ್ತೊಂದು ಬಗೆಯ ಔಷಧಿ. ಇದೆಲ್ಲದರ ಜೊತೆಗೆ, ಭಯಪಡುವ ವಸ್ತುವನ್ನು ಮುಟ್ಟಿ ತೊಳೆಯದೆ ಇರುವುದನ್ನು ಹಂತಹಂತವಾಗಿ ಕಲಿಸುವ ವರ್ತನಾ ಚಿಕಿತ್ಸೆ, ಕನಿಷ್ಠ ಇಪ್ಪತ್ತು ಬಾರಿಯಾದರೂ. ಶಸ್ತ್ರಚಿಕಿತ್ಸೆ ಬೇಕೆಂದು ನನ್ನ ಬಳಿಗೆ ಬಂದ ಕುಟುಂಬಗಳಲ್ಲಿ ಹೆಚ್ಚಿನವರ ಚೀಟಿಗಳನ್ನು ಹರವಿ ನೋಡಿದಾಗ, ಅರ್ಧ ಪ್ರಮಾಣದಲ್ಲಿ ಆರು ವಾರ ನುಂಗಿ ಬಿಟ್ಟ ಮಾತ್ರೆಗಳೇ ಕಾಣುತ್ತಿದ್ದವು. ತಮ್ಮನವರ ಹಳೆಯ ಚೀಟಿಗಳು ಇದ್ದರೆ ಔಷಧಿಯ ಹೆಸರು, ಪ್ರಮಾಣ, ಅವಧಿ ಇಷ್ಟನ್ನು ಬರೆದು ತಿಳಿಸಿ.

ಉತ್ತರ 2: ಚಿಕ್ಕಮಗಳೂರಿನ ವಕೀಲರು

ಹಿರಿಯ ವೈದ್ಯರು ಎತ್ತಿದ ಪ್ರಶ್ನೆಗೆ ಕಾನೂನು ಒಂದು ಉತ್ತರ ಕೊಟ್ಟಿದೆ, ಅದನ್ನು ಸೇರಿಸಲು ಬಯಸುತ್ತೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 96ನೇ ಕಲಮಿನ ಪ್ರಕಾರ, ಮನೋರೋಗಕ್ಕಾಗಿ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಬೇಕಾದರೆ ಎರಡು ಷರತ್ತುಗಳು ಒಟ್ಟಿಗೆ ಈಡೇರಿರಬೇಕು. ಶಸ್ತ್ರಚಿಕಿತ್ಸೆಗೆ ಒಳಗಾಗುವ ವ್ಯಕ್ತಿ ಎಲ್ಲವನ್ನೂ ತಿಳಿದು ತಾನೇ ಒಪ್ಪಿಗೆ ಕೊಟ್ಟಿರಬೇಕು, ಮತ್ತು ಸಂಬಂಧಪಟ್ಟ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿ ಅದಕ್ಕೆ ಅನುಮೋದನೆ ನೀಡಿರಬೇಕು. ಇದೇ ಕಾಯ್ದೆಯಲ್ಲಿ ಬೇರೆ ಹಲವು ಕಡೆ ರೋಗಿಯ ಪರವಾಗಿ ನಾಮನಿರ್ದೇಶಿತ ಪ್ರತಿನಿಧಿಯ ಬೆಂಬಲ ಅಥವಾ ಒಪ್ಪಿಗೆಗೆ ಜಾಗವಿದೆ. 96ನೇ ಕಲಮು ಹೇಳುವುದು ಆ ವ್ಯಕ್ತಿಯ ಒಪ್ಪಿಗೆಯನ್ನೇ. ಅಂದರೆ ತಾಯಿ, ಅಕ್ಕ, ಚಿಕ್ಕಪ್ಪ ಎಲ್ಲರೂ ಸಹಿ ಹಾಕಿದರೂ ತಮ್ಮನವರು ಬೇಡವೆಂದರೆ ಅಲ್ಲಿಗೆ ಮುಗಿಯಿತು.

ತಮ್ಮ ಪ್ರಶ್ನೆಯಲ್ಲಿ ಚಿಕ್ಕಪ್ಪನವರ ಮಾತಿದೆ, ತಾಯಿಯವರ ಕಣ್ಣೀರಿದೆ, ಆದರೆ ತಮ್ಮನವರು ಏನೆಂದರು ಎಂಬುದಿಲ್ಲ. ಇದನ್ನು ಆಕ್ಷೇಪವೆಂದು ಭಾವಿಸಬೇಡಿ. ನಮ್ಮ ಕಕ್ಷಿದಾರರ ಮನೆಗಳಲ್ಲೂ ಕಾಯಿಲೆಯವರನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ, ಅವರ ಬಗ್ಗೆ ಉಳಿದವರು ನಡುಮನೆಯಲ್ಲಿ ತೀರ್ಮಾನ ಮಾಡುವುದನ್ನು ಬಹಳ ಕಂಡಿದ್ದೇನೆ. ಗೀಳು ಕಾಯಿಲೆಯವರಿಗೆ ಸಾಮಾನ್ಯವಾಗಿ ತಮ್ಮ ಸ್ಥಿತಿಯ ಅರಿವು ಸ್ಪಷ್ಟವಾಗಿಯೇ ಇರುತ್ತದೆ, ಒಪ್ಪಿಗೆ ಕೊಡುವ ಇಲ್ಲವೇ ನಿರಾಕರಿಸುವ ಸಾಮರ್ಥ್ಯವೂ ಇರುತ್ತದೆ. ಯಾವುದೇ ಆಸ್ಪತ್ರೆಯವರು ಮಂಡಳಿಯ ಅನುಮೋದನೆಯ ಮಾತೇ ಎತ್ತದೆ ದಿನಾಂಕ ಕೊಡಲು ಮುಂದಾದರೆ, ಅಲ್ಲಿಂದ ಎದ್ದು ಬನ್ನಿ.

ಉತ್ತರ 3: ಬೇಲೂರಿನ ಗೃಹಿಣಿ

ನನಗೆ ಮನೋರೋಗದ ವಿಷಯ ಗೊತ್ತಿಲ್ಲ. ಆದರೆ ನನ್ನ ಯಜಮಾನರಿಗೆ ಪಾರ್ಕಿನ್ಸನ್ ಕಾಯಿಲೆಗಾಗಿ ಡಿಬಿಎಸ್ ಆಗಿ ನಾಲ್ಕು ವರ್ಷವಾಯಿತು. ಆ ಯಂತ್ರದ ಜೊತೆ ಬದುಕುವುದು ಹೇಗಿರುತ್ತದೆ ಎಂಬುದನ್ನು ಮಾತ್ರ ಹೇಳಬಲ್ಲೆ.

ಅವರ ಬಲಗೈ ನಡುಕ ಎಷ್ಟಿತ್ತೆಂದರೆ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದರೂ ಅಂಗಿಯ ಮೇಲೆ ಚೆಲ್ಲುತ್ತಿತ್ತು. ಯಂತ್ರ ಚಾಲೂ ಮಾಡಿದ ದಿನ ವೈದ್ಯರು ಕೈಯಲ್ಲಿದ್ದ ಟ್ಯಾಬ್ಲೆಟ್ಟಿನಲ್ಲಿ ಅಂಕಿಗಳನ್ನು ಒಂದೊಂದಾಗಿ ಏರಿಸುತ್ತ ಹೋದಂತೆ ಆ ಕೈ ನನ್ನ ಕಣ್ಣೆದುರೇ ನಿಶ್ಚಲವಾಯಿತು. ಅದೊಂದು ಕ್ಷಣವನ್ನು ಕಂಡವರು ಇದನ್ನು ಪವಾಡವೆನ್ನುವುದು ಸಹಜ. ಆದರೆ ಎರಡನೆಯ ಸಲ ಹೋದಾಗ ಅಂಕಿಗಳನ್ನು ಬದಲಿಸಿ ಕಳಿಸಿದ ಮೇಲೆ, ಊರಿಗೆ ಬರುವ ದಾರಿಯುದ್ದಕ್ಕೂ ಅವರು ಬಿಡುವಿಲ್ಲದೆ ಮಾತನಾಡಿದರು, ಚನ್ನರಾಯಪಟ್ಟಣದಲ್ಲಿ ಊಟಕ್ಕೆ ನಿಂತಾಗ ಪರಿಚಯವೇ ಇಲ್ಲದವರ ಬಿಲ್ಲುಗಳನ್ನೆಲ್ಲ ಕೊಡಲು ಹೊರಟರು. ಮೂರು ರಾತ್ರಿ ನಿದ್ದೆ ಮಾಡಲಿಲ್ಲ. ಮಿತಭಾಷಿಯಾದ, ಪೈಸೆ ಪೈಸೆಗೂ ಲೆಕ್ಕ ಬರೆಯುವ ಮನುಷ್ಯ ಅವರು. ನಾನು ಹೆದರಿ ಫೋನ್ ಮಾಡಿದೆ. ಮರಳಿ ಕರೆದೊಯ್ದು ಅಂಕಿಯನ್ನು ಕೆಳಗಿಳಿಸಿದ ಮೇಲೆ ಎರಡು ದಿನಗಳಲ್ಲಿ ಸರಿಹೋದರು. ವಿದ್ಯುತ್ತು ಪಕ್ಕದ ಭಾಗಕ್ಕೆ ತಗುಲಿದರೆ ಮನಸ್ಸಿನ ಸ್ಥಿತಿ ಹೀಗೆ ಏರಿಬಿಡುತ್ತದೆ ಎಂದು ವೈದ್ಯರು ವಿವರಿಸಿದರು.

ಇದನ್ನು ಬರೆಯುವ ಉದ್ದೇಶ ಹೆದರಿಸುವುದಲ್ಲ. ಇವತ್ತು ಕೇಳಿದರೂ ನಾವು ಮಾಡಿಸಿದ್ದು ಸರಿ ಎಂದೇ ಇಬ್ಬರೂ ಹೇಳುತ್ತೇವೆ. ಆದರೆ ಮೂಡಿಗೆರೆಯಿಂದ ಬೆಂಗಳೂರಿಗೆ ಮೊದಲ ವರ್ಷ ಎಷ್ಟು ಸಲ ಓಡಾಡಬೇಕಾಗುತ್ತದೆ, ಬ್ಯಾಟರಿ ಮುಗಿದಾಗ ಮತ್ತೆ ಬದಲಿಸಲು ಏನು ಏರ್ಪಾಡು, ಮುಂದೆ ಎಂಆರ್‌ಐ ಬೇಕಾದರೆ ಏನು ಮಾಡಬೇಕು, ರಾತ್ರಿ ಹೊತ್ತು ತೊಂದರೆಯಾದರೆ ಯಾರ ನಂಬರಿಗೆ ಕರೆ ಮಾಡಬೇಕು ಎಂಬುದನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ನಮಗೆ ಇವನ್ನು ಯಾರೂ ಮೊದಲು ಹೇಳಿರಲಿಲ್ಲ.

ಪ್ರಶ್ನೆ ಕೇಳಿದವರು ಮತ್ತೆ

ಎಲ್ಲರಿಗೂ ಹೃದಯಪೂರ್ವಕ ಕೃತಜ್ಞತೆಗಳು. ಮಸಾಲೆ ಡಬ್ಬಿಯ ಹಿಂದೆ ಅಮ್ಮ ಸುರುಳಿ ಸುತ್ತಿ ಇಟ್ಟಿದ್ದ ಚೀಟಿಗಳನ್ನೆಲ್ಲ ತೆಗೆದು ದಿನಾಂಕದ ಪ್ರಕಾರ ಜೋಡಿಸಿದೆ. ಹನ್ನೊಂದು ವರ್ಷಗಳಲ್ಲಿ ಐದು ಬಗೆಯ ಮಾತ್ರೆಗಳು. ಸೆರ್ಟ್ರಲಿನ್ 100 ಮಿಲಿಗ್ರಾಂ ದಾಟಿಲ್ಲ. ಫ್ಲೂಯೊಕ್ಸೆಟಿನ್ 40ಕ್ಕೆ ನಿಂತಿದೆ, ಅದೂ ಏಳು ವಾರ. ಕ್ಲೊಮಿಪ್ರಮಿನ್ ಎಂಬ ಹೆಸರು ಯಾವ ಚೀಟಿಯಲ್ಲೂ ಇಲ್ಲ. ತಪ್ಪು ವೈದ್ಯರದ್ದೇ ಎಂದು ಹೇಳಲಾರೆ. ಕೊಯ್ಲು, ಮಳೆ, ಮದುವೆ ಎಂದು ನಾವೇ ಎಷ್ಟೋ ಸಲ ಮುಂದಿನ ಭೇಟಿಗೆ ಹೋಗಿಲ್ಲ. ವರ್ತನಾ ಚಿಕಿತ್ಸೆಗೆ ಒಮ್ಮೆ ಕಳಿಸಿದ್ದರು, ಎರಡು ಸಲ ಹೋಗಿ ಬಿಟ್ಟೆವು.

ವಕೀಲರ ಮಾತು ಓದಿದ ಸಂಜೆ ತಮ್ಮನನ್ನು ಕೇಳಿದೆ. ಅವನು ಬಹಳ ಹೊತ್ತು ಯೋಚಿಸಿ, ತಲೆಗೆ ತಂತಿ ಇಡುವುದಕ್ಕೆ ತನಗೆ ಭಯವಿಲ್ಲ, ಆದರೆ ಬ್ಯಾಟರಿ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ದಿನವಿಡೀ ಪರೀಕ್ಷಿಸುತ್ತ ಕೂರುವ ಹೊಸ ಗೀಳು ಹತ್ತಿಕೊಂಡೀತೆಂಬ ಭಯವಿದೆ ಎಂದ. ಮೊದಲು ಆ ಮುಟ್ಟಿ ತೊಳೆಯದೆ ಇರುವ ಚಿಕಿತ್ಸೆಯನ್ನೇ ಪೂರ್ತಿ ಮಾಡೋಣ ಎಂದೂ ಹೇಳಿದ. ವೈದ್ಯರಲ್ಲಿ ಅವನದೇ ಒಂದು ಪ್ರಶ್ನೆ ಇದೆ. ಅವನು ತೊಳೆಯುತ್ತ ನಿಂತಾಗ ಅಮ್ಮ ಸಹಿಸಲಾರದೆ ಹೋಗಿ ನೀರಿನ ಮೋಟಾರ್ ಆಫ್ ಮಾಡುತ್ತಾರೆ. ಅದೂ ಆ ಚಿಕಿತ್ಸೆಯ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಲು ಹೇಳಿದ್ದಾನೆ.

ಉತ್ತರ 4: ಹಾಸನದ ನಿವೃತ್ತ ಮನೋವೈದ್ಯರು

ಚೀಟಿಗಳನ್ನು ಜೋಡಿಸಿದ್ದು ಬಹಳ ಒಳ್ಳೆಯ ಕೆಲಸ. ಅವುಗಳ ಪ್ರಕಾರ ತಮ್ಮನವರ ಕಾಯಿಲೆ ಔಷಧಿಗೆ ಬಗ್ಗದ್ದು ಎಂದು ಇನ್ನೂ ಹೇಳಲು ಬರುವುದಿಲ್ಲ. ಪ್ರಮಾಣ ಏರಿಸುವುದನ್ನು ಎದುರಿಗೆ ಕೂರಿಸಿಕೊಂಡು ನೋಡುವ ವೈದ್ಯರೇ ನಿರ್ಧರಿಸಬೇಕು. ಕ್ಲೊಮಿಪ್ರಮಿನ್‌ಗೆ ಮೊದಲು ಹೃದಯದ ಇಸಿಜಿ ಮಾಡಿಸುವುದು ಒಳ್ಳೆಯದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ಕಾಯಿಲೆಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ, ವರ್ತನಾ ಚಿಕಿತ್ಸೆಯಲ್ಲಿ ನುರಿತವರು ಅಲ್ಲಿ ಸಿಗುತ್ತಾರೆ. ಹೋಗುವ ಮುನ್ನ ಕನ್ನಡದಲ್ಲೇ ಮಾತನಾಡಿ ವಿಚಾರಿಸಬೇಕೆಂದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಚೀಟಿಗಳ ಜೆರಾಕ್ಸ್ ಜೊತೆಗಿರಲಿ.

ತಮ್ಮನವರ ಪ್ರಶ್ನೆಗೆ ಉತ್ತರ ಅವರಿಗೇ ಓದಿ ಹೇಳಿ. ಅಮ್ಮ ಮೋಟಾರ್ ಆಫ್ ಮಾಡುವುದು ಚಿಕಿತ್ಸೆಯಾಗುವುದಿಲ್ಲ. ನೀರು ನಿಂತರೂ ಭಯ ನಿಲ್ಲುವುದಿಲ್ಲ, ಅದು ಮುಂದಿನ ಸಲ ಬಕೆಟ್ ತುಂಬಿಸಿ ಬಚ್ಚಿಡುವಂತೆ ಮಾಡುತ್ತದೆ. ಚಿಕಿತ್ಸೆಯಲ್ಲಿ ನಲ್ಲಿ ನಿಲ್ಲಿಸುವವರು ಅವರೇ. ಯಾವ ವಸ್ತುವನ್ನು ಮುಟ್ಟುವುದು, ತೊಳೆಯದೆ ಎಷ್ಟು ನಿಮಿಷ ಇರುವುದು ಎಂಬುದನ್ನು ಚಿಕಿತ್ಸಕರ ಜೊತೆ ಕುಳಿತು ಅವರೇ ಒಪ್ಪಿ ಬರೆಯುತ್ತಾರೆ. ಮೈಲುತುತ್ತದ ಚೀಲವನ್ನೇ ಮೊದಲ ದಿನ ಮುಟ್ಟಬೇಕಾಗಿಲ್ಲ. ಆ ಚೀಲ ಇಟ್ಟಿರುವ ಕೋಣೆಯ ಬಾಗಿಲಿನ ಚಿಲಕದಿಂದ ಶುರುಮಾಡಬಹುದು. ಅಲ್ಲಿಯವರೆಗೆ ಅಮ್ಮನವರಿಗೆ ಮೋಟಾರಿನ ಸ್ವಿಚ್ಚಿನ ಹತ್ತಿರ ಹೋಗಬೇಡಿ ಎಂದು ನನ್ನ ಪರವಾಗಿ ಹೇಳಿ.